ನಿಮ್ಮ ಮನೆಯ ಹಳೇ ಗಾಡಿ ಕೈ ಕೊಟ್ಟಾಗ ನಿಮ್ಮ ಡ್ಯೂಟಿ ಏನಿತ್ತು?

ಎರಡನೇ ಗೇರ್
ಹಳೇ ಗಾಡಿ ಇದ್ದ ಮನೆಯಲ್ಲಿ ಬೆಳೆದವರಿಗೆಲ್ಲ ಒಂದು ಪ್ರಶ್ನೆ. ಗಾಡಿ ಯಾವುದು, ಮೈಲೇಜು ಎಷ್ಟು ಅನ್ನೋದೆಲ್ಲ ಆಮೇಲೆ. ಅದು ದಾರಿ ಮಧ್ಯೆ ನಿಂತಾಗ ನಿಮ್ಮ ಪಾಲಿನ ಕೆಲಸ ಯಾವುದು?

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಇತ್ತು. ಯಾರೂ ಹಂಚಲಿಲ್ಲ, ತಾನಾಗೇ ಆಯಿತು. ಗಾಡಿ ಪ್ರೀಮಿಯರ್ ಪದ್ಮಿನಿ. ಅಪ್ಪ ತೀರ್ಥಹಳ್ಳಿ ಕಡೆ ಮೇಷ್ಟ್ರು. 1989ರಲ್ಲಿ ಅಡಿಕೆ ವ್ಯಾಪಾರದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಅಂತ ತಗೊಂಡರು. ಆರ್‌ಸಿ ಪುಸ್ತಕ ಬಿಡಿಸಿ ನೋಡಿದರೆ ಅಪ್ಪ ನಾಲ್ಕನೇ ಓನರು!

ಅಜ್ಜಿ ಮನೆ ಉಡುಪಿ ಹತ್ತಿರ. ಆಗುಂಬೆ ಘಾಟಿ ಇಳಿಯೋದು ಸುಲಭ, ಹತ್ತುವಾಗ ಕಥೆ ಶುರು. ಸೋಮೇಶ್ವರ ದಾಟುತ್ತಿದ್ದ ಹಾಗೆ ತಂಗಿ ಮುಂದಿನ ಸೀಟಿಗೆ ಬಂದು ಅಪ್ಪ ಅಮ್ಮನ ನಡುವೆ ಕೂರುತ್ತಿದ್ದಳು. ಬಾನೆಟ್ ಸಂದಿಯಿಂದ ಹೊಗೆ ಬರುತ್ತಾ ಅಂತ ನೋಡೋದು ಅವಳ ಕೆಲಸ. ಅದು ಹೊಗೆ ಅಲ್ಲ, ಹಬೆ ಅಂತ ತಿದ್ದೋದು ಅಣ್ಣನ ಕೆಲಸ. ಅಮ್ಮನ ಕಾಲ ಬುಡದಲ್ಲಿ ಐದು ಲೀಟರಿನ ಹಳೇ ಆಯಿಲ್ ಕ್ಯಾನು, ತುಂಬಾ ನೀರು.

ನಾನು ಕಲ್ಲು. ಹ್ಯಾಂಡ್ ಬ್ರೇಕ್ ಹಿಡಿಯುತ್ತಿರಲಿಲ್ಲ. ಕಾರು ನಿಂತ ಕೂಡಲೇ ಇಳಿದು ಹಿಂದಿನ ಟೈರಿಗೆ ಕಲ್ಲು ಕೊಡಬೇಕು. ಸುಮ್ನೆ ಇಟ್ಟರೆ ಸಾಲದು, ಕಾಲಿನಿಂದ ಒದ್ದು ಒಳಗೆ ಸೇರಿಸಬೇಕು. ಮತ್ತೆ ಕಾರು ಹೊರಟಾಗ ಅದೇ ಕಲ್ಲನ್ನು ಎತ್ತಿಕೊಂಡು ಓಡಿ ಬಂದು ಹತ್ತಬೇಕು, ಯಾಕೆಂದರೆ ಮುಂದಿನ ತಿರುವಿನಲ್ಲಿ ಒಳ್ಳೇ ಕಲ್ಲು ಸಿಗುತ್ತೆ ಅಂತ ಏನು ಗ್ಯಾರಂಟಿ? ಆ ಕಲ್ಲಿಗೆ ಡಿಕ್ಕಿಯಲ್ಲಿ ಖಾಯಂ ಜಾಗ, ಹಾಸಿಗೆಗೆ ಗೋಣಿಚೀಲ.

ಅಜ್ಜಿ ನಮ್ಮ ಜೊತೆ ಬಂದರೆ ಮಾತ್ರ ಇಳಿಯುತ್ತಿರಲಿಲ್ಲ. "ನಾನು ಇಳಿದೆ ಅಂತಾದ್ರೆ ನೀವು ಸ್ಟಾರ್ಟ್ ಮಾಡ್ಕೊಂಡು ಹಾಗೇ ಹೋಗ್ತೀರಿ" ಅನ್ನೋರು. ಒಮ್ಮೆ ಸ್ಟಾರ್ಟ್ ಆದರೆ ಅಪ್ಪ ನಿಲ್ಲಿಸಲ್ಲ ಅಂತ ಅವರಿಗೂ ಗೊತ್ತಿತ್ತು.

ನಿಮ್ಮದು ಹೇಳಿ.

ಹುಬ್ಬಳ್ಳಿ ಮಿರ್ಚಿ
ತಳ್ಳೋದು. ಮತ್ತೇನ್ರೀ ಇರ್ತದ?

ಮುಂದೆ ನಿಂತವನು
ಬಜಾಜ್ ಚೇತಕ್, ರಾಜಾಜಿನಗರ. ಅಪ್ಪ, ಅಮ್ಮ, ಅಮ್ಮನ ಮಡಿಲಲ್ಲಿ ತಮ್ಮ, ಮುಂದೆ ನಿಂತವನು ನಾನು. ಹೆಸರಿಗೆ ನಿಲ್ಲೋದು, ನಿಜವಾದ ಡ್ಯೂಟಿ "ಅಪ್ಪಾ, ಕಾಕ್ ಆನ್ ಮಾಡಿದ್ರಾ?" ಅಂತ ಕೇಳೋದು. ಪೆಟ್ರೋಲ್ ಕಾಕ್ ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಬಿಡೋ ನಲ್ಲಿ. ಅದು ಆಫ್ ಇದ್ದರೂ ಗಾಡಿ ಸ್ಟಾರ್ಟ್ ಆಗುತ್ತೆ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿಗೆ. ಸರಿಯಾಗಿ ನವರಂಗ್ ಸಿಗ್ನಲ್ ಹತ್ತಿರ ಬಂದು ಆರಿಹೋಗುತ್ತೆ. ಹಿಂದೆ ಬಿಟಿಎಸ್ ಬಸ್ಸು ಹಾರ್ನ್ ಹೊಡೀತಾ ಇರುತ್ತೆ.

ಚಳಿಗಾಲದಲ್ಲಿ ಒಂದು ಕಡೆ ವಾಲಿಸಿ, ಎತ್ತಿ, ಮತ್ತೆ ಕಿಕ್ಕು. ವಾಲಿಸುವಾಗ ಹಿಂದಿನ ಸ್ಟೆಪ್ನಿ ಹಿಡಿದುಕೊಳ್ಳೋದೂ ನಾನೇ. ಅಪ್ಪನ ಜೇಬಿನಲ್ಲಿ ಪೆನ್ನು ಇರುತ್ತಿತ್ತೋ ಇಲ್ಲವೋ, ಪ್ಲಗ್ ಸ್ಪ್ಯಾನರ್ ಮತ್ತೆ ಒಂದು ಚೂರು ಉಪ್ಪು ಕಾಗದ ಖಂಡಿತ ಇರುತ್ತಿತ್ತು.

ರಿಸರ್ವ್
ಟು ಸ್ಟ್ರೋಕ್ ಅಂದ ಮೇಲೆ ಪ್ಲಗ್ ಕರಿ ಹಿಡಿಯದೆ ಇರುತ್ತಾ? ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಸೇರಿಸೋವಾಗ "ಇನ್ನೂ ಸ್ವಲ್ಪ ಹಾಕಪ್ಪ, ಇಂಜಿನ್‌ಗೆ ಒಳ್ಳೇದು" ಅನ್ನೋ ಅಪ್ಪಂದಿರದ್ದೇ ತಪ್ಪು.

ಮುಂದೆ ನಿಂತವನು
ನಮ್ಮಪ್ಪನ್ನ ನೀವು ನೋಡಿದ್ದೀರಾ ಹೇಗೆ?

ಯಾದವಗಿರಿ
ಮೈಸೂರಿನವರು ಯಾರೂ ಯೆಜ್ಡಿ ಹೆಸರೇ ಎತ್ತಲಿಲ್ಲವಲ್ಲ. ನಮ್ಮೂರಲ್ಲೇ ತಯಾರಾದ ಗಾಡಿ ಸ್ವಾಮಿ. ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ನಡೆಯಿತು. ಮೊದಲು ಜಾವಾ, 70ರ ದಶಕದಿಂದ ಯೆಜ್ಡಿ. ನಮ್ಮ ಬೀದಿಯಲ್ಲಿ ಮನೆಗೊಂದು ಇತ್ತು. ಬೆಳಿಗ್ಗೆ ಶಿಫ್ಟ್ ಹೊತ್ತಿಗೆ ಹೊಗೆ ಏಳುತ್ತಿದ್ದ ರೀತಿ ನೋಡಿದರೆ ಇಡೀ ಬೀದಿ ಸ್ನಾನದ ಒಲೆ ಹಚ್ಚಿದ ಹಾಗೆ.

ದೊಡ್ಡಪ್ಪನ ಯೆಜ್ಡಿಯಲ್ಲಿ ನನ್ನ ಕೆಲಸ ಪೆಟ್ರೋಲ್ ಟ್ಯಾಂಕ್ ಮೇಲೆ ಕೂತು ಅಲುಗಾಡದೇ ಇರೋದು. ಗೊತ್ತಿಲ್ಲದವರಿಗೆ: ಅದರಲ್ಲಿ ಕಿಕ್ಕರ್ ಮತ್ತೆ ಗೇರ್ ಲಿವರ್ ಎರಡೂ ಒಂದೇ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಒದ್ದಾದ ಮೇಲೆ ಮುಂದಕ್ಕೆ ಇಳಿಸಿದರೆ ಗೇರ್. ಹಳೇದಾದ ಮೇಲೆ ಅದು ಯಾವಾಗ ಯಾವುದು ಅಂತ ಅದಕ್ಕೇ ಗೊಂದಲ. ನೆಂಟರ ಎದುರು ದೊಡ್ಡಪ್ಪ ಜೋರಾಗಿ ಒದ್ದರೆ ಲಿವರ್ ಜಾರಿ ಮೊಣಕಾಲಿಗೆ ಬೀಳೋದು. ಆಗ ಅವರು ಆಡುತ್ತಿದ್ದ ಮಾತು ಇಲ್ಲಿ ಬರೆಯೋ ಹಾಗಿಲ್ಲ.

ಸ್ಪ್ಯಾನರ್ ಹದಿನಾಲ್ಕು
ಯೆಜ್ಡಿಗೆ ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಮಕ್ಕಳು ಡಬ್ಬಲ್ ಇಂಜಿನ್ ಅಂತ ಬೆಟ್ ಕಟ್ಟುತ್ತಿದ್ದರು. ಇನ್ನೊಂದು, ಗೇರ್ ಲಿವರ್ ಒತ್ತಿದರೆ ಕ್ಲಚ್ಚೂ ತಾನೇ ಬಿಡುತ್ತಿತ್ತು. ಕ್ಲಚ್ ವೈರ್ ಕಟ್ ಆದರೂ ಮನೆ ಸೇರಬಹುದು. ಕೈ ಕೊಡೋ ಗಾಡಿ ಅಂತ ಅದನ್ನು ಈ ಪಟ್ಟಿಗೆ ಸೇರಿಸಬೇಡಿ.

ಯಾದವಗಿರಿ
ಗಾಡಿ ಕೈ ಕೊಟ್ಟಿತು ಅಂತ ನಾನೆಲ್ಲಿ ಹೇಳಿದೆ? ಕಾಲು ಕೊಟ್ಟಿದ್ದು, ಅದೂ ದೊಡ್ಡಪ್ಪನದು.

ಅಂಬಾಸಿಡರ್ ಅಳಿಯ
ಪದ್ಮಿನಿಯವರು ಸುಮ್ಮನಿರಿ. ನಿಂತರೆ ಅಂಬಾಸಿಡರ್ ನಿಲ್ಲಬೇಕು. ಅಕ್ಕಪಕ್ಕದ ಊರಿನ ಜನರೆಲ್ಲ ಬಂದು ನೋಡೋರು.

ನಮ್ಮ ತಾತ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಅಂಬಾಸಿಡರ್‌ನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಅನ್ನೋ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ "ಎಷ್ಟು ಜನ ಬರ್ತೀರಿ?" ಅಂತ. ಮುಂದೆ ಉದ್ದ ಸೀಟು, ಗೇರು ಸ್ಟೀರಿಂಗ್ ಪಕ್ಕ. ಹಾಗಾಗಿ ಮುಂದೆಯೇ ನಾಲ್ಕು ಜನ, ಡ್ರೈವರ್ ಬಾಗಿಲಿಗೆ ಅಂಟಿಕೊಂಡು ಅರ್ಧ ಸೀಟಿನಲ್ಲಿ. ಹಿಂದೆ ಹೆಂಗಸರು, ಅವರ ಮೇಲೆ ನಾವು, ನಮ್ಮ ಮೇಲೆ ಬುತ್ತಿ.

ನನ್ನ ಡ್ಯೂಟಿ ಬಾಗಿಲು. ಎಡಗಡೆ ಹಿಂದಿನ ಬಾಗಿಲು ಎಡ ತಿರುವಿನಲ್ಲಿ ಸರಿಯಾಗಿರುತ್ತಿತ್ತು, ಬಲ ತಿರುವಿನಲ್ಲಿ ತೆಗೆದುಕೊಳ್ಳುತ್ತಿತ್ತು. ಬಲಕ್ಕೆ ತಿರುವು ಬಂದಾಗ ನಾನು ಹಿಡಿಕೆ ಎಳೆದು ಹಿಡಿಯಬೇಕು. ಉಕ್ಕಡಗಾತ್ರಿಗೆ ಹೋಗೋ ದಾರಿಯ ಬಲ ತಿರುವುಗಳು ಇವತ್ತಿಗೂ ಕೈಗೆ ನೆನಪಿವೆ.

ನೀರಿನ ಕ್ಯಾನು
ಎಲ್ಲರೂ ನಗುತ್ತಾ ಬರೆಯುತ್ತಿದ್ದೀರಿ. ನಮ್ಮ ಅಮ್ಮನನ್ನು ಕೇಳಿ, ಬೇರೆ ಕಥೆ ಹೇಳುತ್ತಾರೆ.

ನಮ್ಮನೆಯಲ್ಲೂ ಒಂದು ಹಳೇ ಕಾರು. ಅದರಲ್ಲಿ ಹೋಗೋದು ಅಪ್ಪನಿಗೆ ಖುಷಿ, ನಮಗೆ ಮಜಾ, ಅಮ್ಮನಿಗೆ ಕೆಲಸ. ತಳ್ಳುವಾಗ ಯಾರಾದರೂ ಸ್ಟೀರಿಂಗ್ ಹಿಡಿಯಬೇಕಲ್ಲ. ಡ್ರೈವಿಂಗ್ ಬರುತ್ತಿದ್ದುದು ಅಪ್ಪನಿಗೆ ಮಾತ್ರ, ಅಮ್ಮನಿಗೆ ಕಲಿಸಿರಲೇ ಇಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ತೂಕದ ಮನುಷ್ಯ ಒಳಗೆ ಆರಾಮಾಗಿ ಕೂತು "ಜೋರಾಗಿ, ಜೋರಾಗಿ" ಅನ್ನೋದು. ಹೊರಗೆ ಅಮ್ಮ, ಅತ್ತೆ ಮತ್ತೆ ನಾವು ಎರಡು ಹುಳುಗಳು. ಚಿತ್ರದುರ್ಗದ ಹತ್ತಿರ ಒಮ್ಮೆ ಮದುವೆಗೆ ಹೊರಟ ರೇಷ್ಮೆ ಸೀರೆಯಲ್ಲಿ ತಳ್ಳಿದ್ದಾರೆ. ಸೀರೆ ಸೆರಗಿಗೆ ಆದ ಗ್ರೀಸ್ ಕಲೆ ಹೋಗಲಿಲ್ಲ. ಅಪ್ಪ ಅದನ್ನು ಹೇಳುವಾಗ ಕಾರು ಹೇಗೆ ಒಂದೇ ದಬ್ಬಿಗೆ ಸ್ಟಾರ್ಟ್ ಆಯಿತು ಅಂತ ಹೇಳುತ್ತಾರೆ. ಅಮ್ಮ ಸೀರೆಯ ಬೆಲೆ ಹೇಳುತ್ತಾರೆ.

ಹುಬ್ಬಳ್ಳಿ ಮಿರ್ಚಿ
ಇದು ಖರೆ ಮಾತು. ನಮ್ಮ ಅವ್ವನೂ ತಳ್ಳ್ಯಾಳ.

ಶಿರಸಿ ಸಂಪಿಗೆ
@ನೀರಿನ ಕ್ಯಾನು, ನಮ್ಮ ಆಯಿಯದ್ದು ಇದೇ ಕಥೆ, ಆದರೆ ತಿರುವು ಬೇರೆ. ದೇವಿಮನೆ ಘಾಟಿಯಲ್ಲಿ ತಳ್ಳಿ ತಳ್ಳಿ ಸಾಕಾಗಿ, "ಇನ್ನು ನಾನು ಒಳಗೆ ಕೂರ್ತೆ, ನೀವು ತಳ್ಳಿ" ಅಂತ ಹಠ ಹಿಡಿದು ಡ್ರೈವಿಂಗ್ ಕಲಿತಳು. ನಲವತ್ತು ದಾಟಿದ ಮೇಲೆ. ನಮ್ಮ ಊರಿನಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ಅವಳೇ. ಕ್ಲಚ್ ಬಿಡೋದರಲ್ಲಿ ಅಪ್ಪನಿಗಿಂತ ಹದ ಇತ್ತು. ಅಪ್ಪ ಇದನ್ನು ಒಪ್ಪಲ್ಲ, ಕೇಳಬೇಡಿ.

ಎರಡನೇ ಗೇರ್
ತಳ್ಳಿ ಸ್ಟಾರ್ಟ್ ಮಾಡೋದರಲ್ಲಿ ಕ್ಲಚ್ಚೇ ಎಲ್ಲ. ಫಸ್ಟ್ ಗೇರಿನಲ್ಲಿ ಬಿಟ್ಟರೆ ಕಾರು ಗಕ್ಕಂತ ನಿಂತು ತಳ್ಳುವವರ ಹಲ್ಲು ಡಿಕ್ಕಿಗೆ. ಸೆಕೆಂಡ್ ಗೇರು, ಇಗ್ನಿಷನ್ ಆನ್, ಓಟ ಬಂದ ಮೇಲೆ ಥಟ್ಟನೆ ಬಿಟ್ಟು ಮತ್ತೆ ಒತ್ತಬೇಕು. ನನ್ನ ಹೆಸರಿನ ಹಿನ್ನೆಲೆ ಇಷ್ಟೇ.

ಸ್ಪ್ಯಾನರ್ ಹದಿನಾಲ್ಕು
ನಾನು ಗ್ಯಾರೇಜ್ ಇಟ್ಟಿದ್ದವನು, ಈಗ ಮಗ ನೋಡಿಕೊಳ್ಳುತ್ತಿದ್ದಾನೆ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಗಾಡಿ ಕೈ ಕೊಟ್ಟಿತು ಅಂತೀರಿ. ನನ್ನ ಶೆಡ್ಡಿಗೆ ಬರುತ್ತಿದ್ದ ಗಾಡಿಗಳಲ್ಲಿ ಬಹಳಷ್ಟಕ್ಕೆ ರೋಗ ಇದ್ದಿದ್ದು ಯಜಮಾನರ ಜೇಬಿನಲ್ಲಿ.

ಪದ್ಮಿನಿ ಇಂಜಿನ್ 1089 ಸಿಸಿ. ಅಪ್ಪ, ಅಮ್ಮ, ಮೂರು ಮಕ್ಕಳು, ಅಜ್ಜಿ, ಡಿಕ್ಕಿ ತುಂಬಾ ತೆಂಗಿನಕಾಯಿ, ಮೇಲೆ ಕ್ಯಾರಿಯರ್‌ನಲ್ಲಿ ಹಲಸಿನಹಣ್ಣು. ಘಾಟಿಯಲ್ಲಿ ಫಸ್ಟ್ ಗೇರು. ಗಾಡಿ ನಿಧಾನ, ಆದ್ದರಿಂದ ಎದುರುಗಾಳಿ ಇಲ್ಲ. ಫ್ಯಾನ್ ಇಂಜಿನ್ ಬೆಲ್ಟಿನಿಂದಲೇ ತಿರುಗೋದು. ಆ ಬೆಲ್ಟು ಸಡಿಲ, ರೇಡಿಯೇಟರ್ ಒಳಗೆ ವರ್ಷಗಟ್ಟಲೆ ಬಾವಿ ನೀರಿನ ಸುಣ್ಣ ಕಟ್ಟಿರುತ್ತೆ. ಕುದಿಯದೆ ಇನ್ನೇನು ಮಾಡುತ್ತೆ?

ಎರಡನೇ ರೋಗ ಪಾಯಿಂಟ್. ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಚಿಕ್ಕ ಮುಖಗಳು ಸೇರಿ ಬಿಟ್ಟು ಸೇರಿ ಬಿಟ್ಟು ಕಿಡಿ ಕೊಡುತ್ತವೆ. ಅವು ಸುಟ್ಟು ಕಪ್ಪಾದರೆ ಕಿಡಿ ಇಲ್ಲ. ಬೆಂಕಿಪೊಟ್ಟಣದ ಗೀರುವ ಬದಿಯಿಂದ ಉಜ್ಜಿ, ಅದೇ ಪೊಟ್ಟಣದ ರಟ್ಟನ್ನು ಮಧ್ಯೆ ತೂರಿಸಿ ಗ್ಯಾಪ್ ಹೊಂದಿಸಿದರೆ ಮನೆ ಮುಟ್ಟುತ್ತೀರಿ. ಮನೆ ಮುಟ್ಟಿದ ಮೇಲೆ ಹೊಸ ಪಾಯಿಂಟ್ ಹಾಕಿಸಬೇಕು. ನಿಮ್ಮ ಅಪ್ಪಂದಿರು ಹಾಕಿಸಲಿಲ್ಲ. ಮುಂದಿನ ರಜೆಗೂ ಅದೇ ಬೆಂಕಿಪೊಟ್ಟಣ.

ಮುಂದೆ ನಿಂತವನು
ಮೇಷ್ಟ್ರ ಸಂಬಳದಲ್ಲಿ ಹೊಸ ಪಾಯಿಂಟು, ಹೊಸ ಬೆಲ್ಟು, ಹೊಸ ರೇಡಿಯೇಟರ್ ಹಾಕಿಸಬೇಕಿತ್ತಾ ಸ್ವಾಮಿ? ಅಷ್ಟು ದುಡ್ಡಿದ್ದರೆ ನಾಲ್ಕನೇ ಓನರ್ ಯಾಕಾಗುತ್ತಿದ್ದರು?

ಸ್ಪ್ಯಾನರ್ ಹದಿನಾಲ್ಕು
ಪಾಯಿಂಟ್ ಸೆಟ್ಟಿಗೆ ಒಂದು ಹೊತ್ತಿನ ಹೋಟೆಲ್ ಬಿಲ್ಲಿನಷ್ಟೂ ಆಗುತ್ತಿರಲಿಲ್ಲ. ಜುಗ್ಗತನ ಬೇರೆ, ಬಡತನ ಬೇರೆ.

ಎರಡನೇ ಗೇರ್
ಜುಗ್ಗತನ ಅನ್ನಬೇಡಿ ಸಾರ್. ನಮ್ಮಪ್ಪ ಸಾಲ ಮಾಡಿ ಕಾರು ತಗೊಂಡವರು. ಪ್ರತಿ ರಿಪೇರಿಯೂ ತಂಗಿಯ ಫೀಸೋ ಅಣ್ಣನ ಪುಸ್ತಕವೋ ಆಗಿರುತ್ತಿತ್ತು. ಆ ಲೆಕ್ಕದಲ್ಲಿ ಕಲ್ಲು ಪುಕ್ಕಟೆ.

ಹಳೇ ಕಡತ
ಸಾಲದ ಮಾತು ಬಂತು, ಅದಕ್ಕೆ ಹೇಳುತ್ತೇನೆ. ಲಾಲ್ ಬಹದ್ದೂರ್ ಶಾಸ್ತ್ರಿ ಪ್ರಧಾನಿಯಾಗಿದ್ದಾಗ ಫಿಯೆಟ್ ಕೊಂಡಿದ್ದು ಸಾಲದಲ್ಲೇ. ಕಾರಿಗೆ 12,000 ರೂಪಾಯಿ, ಕೈಯಲ್ಲಿ 7,000. ಉಳಿದ 5,000 ಬ್ಯಾಂಕ್ ಸಾಲ. ಅವರು ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿಯವರು ಪಿಂಚಣಿಯಿಂದ ತೀರಿಸಿದರು. ಪದ್ಮಿನಿ ಅಂದರೆ ಅದೇ ಫಿಯೆಟ್ 1100ರ ಮುಂದಿನ ಹೆಸರು. ಇಟಲಿಯ ವಿನ್ಯಾಸ, ಮುಂಬೈ ಕುರ್ಲಾದಲ್ಲಿ ತಯಾರಿ.

ಅಂಬಾಸಿಡರ್ ಅಳಿಯ
ಅಂಬಾಸಿಡರ್ ಪೂರ್ತಿ ಸ್ವದೇಶಿ, ಅದನ್ನೂ ಬರೆಯಿರಿ.

ಹಳೇ ಕಡತ
ಸ್ವದೇಶಿ ಎಲ್ಲಿಂದ ಬಂತು? ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 50ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು, ಅಷ್ಟೇ.

ಅಂಬಾಸಿಡರ್ ಅಳಿಯ
ಅರ್ಧ ಶತಮಾನ ಇಲ್ಲೇ ಇದ್ದ ಮೇಲೂ ಸ್ವದೇಶಿ ಅಲ್ವಾ? ಮೆಣಸಿನಕಾಯಿಯೂ ಹೊರಗಿನಿಂದಲೇ ಬಂದಿದ್ದು. ಬ್ಯಾಡಗಿಯವರ ಹತ್ತಿರ ಹೋಗಿ ಹೇಳಿ ನೋಡೋಣ.

ಹುಬ್ಬಳ್ಳಿ ಮಿರ್ಚಿ
ಹೇಳಾಕ ಹೋಗಬ್ಯಾಡ್ರಿ.

ಇಂಬಳ
ಕಳಸದ ಹತ್ತಿರ ನಮ್ಮ ತೋಟ. ಕಾರು ಬರೋ ರಸ್ತೆಯೇ ಇರಲಿಲ್ಲ, ಜೀಪು. ಮಿಲಿಟರಿಯವರು ಹರಾಜು ಹಾಕಿದ ಹಳೇ ವಿಲ್ಲೀಸ್, ಅಜ್ಜನ ಕಾಲದ್ದು. ಬಾಗಿಲಿಲ್ಲ, ಮೇಲೆ ಟಾರ್ಪಾಲು. ಇದರಲ್ಲಿ ನನ್ನ ಡ್ಯೂಟಿ ವೈಪರ್.

ನಗಬೇಡಿ, ನಿಜ. ಗಾಜಿನ ಮೇಲ್ಗಡೆ ಒಳಗೆ ಒಂದು ಪುಟ್ಟ ಹಿಡಿ. ಅದನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರೆ ಹೊರಗೆ ವೈಪರ್ ಆಡುತ್ತೆ. ಮೋಟರ್ ಗೀಟರ್ ಏನೂ ಇಲ್ಲ. ಜುಲೈ ತಿಂಗಳ ಮಳೆ, ಅಪ್ಪನಿಗೆ ಎರಡೂ ಕೈ ಸ್ಟೀರಿಂಗ್ ಮೇಲೆ ಬೇಕು. ನಾನು ಪಕ್ಕದಲ್ಲಿ ಮಂಡಿಯೂರಿ ಕೂತು ಕುದುರೆಮುಖದ ಕಡೆಯಿಂದ ಬರೋ ಮಳೆಯನ್ನೆಲ್ಲ ಒರೆಸಬೇಕು. ಕೈ ನೋಯುತ್ತೆ ಅಂತ ಒಂದು ಕ್ಷಣ ಬಿಟ್ಟರೆ "ಏಯ್, ಮಳೆ ನಿಂತಿತಾ?" ಅಂತ ಗದರೋರು. ಈ ಮಧ್ಯೆ ಕಾಲಿಗೆ ಇಂಬಳ (ಕಾಡಿನ ಜಿಗಣೆ) ಹತ್ತಿರುತ್ತೆ, ಕೀಳೋಕೆ ಕೈ ಖಾಲಿ ಇಲ್ಲ. ಮನೆಗೆ ಬಂದು ನೋಡಿದರೆ ಕಾಲುಚೀಲ ಪೂರ್ತಿ ಕೆಂಪು.

ಅದು ನಿಂತಿದ್ದು ಕಡಿಮೆ. ಹೊರಡೋಕೇ ಒಪ್ಪುತ್ತಿರಲಿಲ್ಲ, ಅದು ಬೇರೆ ವಿಷಯ. ಅದಕ್ಕೇ ಯಾವತ್ತೂ ಮನೆ ಮುಂದಿನ ದಿಬ್ಬದ ಮೇಲೆ ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸೋದು. ಮಲೆನಾಡಿನಲ್ಲಿ ಜೀಪಿನ ಸೆಲ್ಫ್ ಸ್ಟಾರ್ಟರ್ ಅಂದರೆ ಇಳಿಜಾರು.

ರಿಸರ್ವ್
ಹೊಗೆಸೊಪ್ಪು ಉಜ್ಜುತ್ತಿರಲಿಲ್ವಾ ಗಾಜಿಗೆ? ನಮ್ಮ ಕಡೆ ವೈಪರ್ ಕೆಟ್ಟರೆ ಬೀಡಿ ಬಿಚ್ಚಿ ಅದರ ಪುಡಿ ಒದ್ದೆ ಮಾಡಿ ಗಾಜಿಗೆ ಒರೆಸೋರು. ನೀರು ಹನಿ ನಿಲ್ಲದೆ ಹಾಳೆಯಾಗಿ ಹರಿದುಹೋಗುತ್ತೆ.

ಇಂಬಳ
ಹೊಗೆಸೊಪ್ಪು ಇಂಬಳ ಬಿಡಿಸೋಕೇ ಸಾಲುತ್ತಿರಲಿಲ್ಲ.

ಶಿರಸಿ ಸಂಪಿಗೆ
ಟ್ಯಾಂಕ್ ಸೋರಿದರೆ ಬಾರ್ ಸೋಪು. ಒಣಗಿದ್ದೇ ಆಗಬೇಕು, ಮೆತ್ತಗೆ ತಿಕ್ಕಿ ತೂತಿಗೆ ತುಂಬೋದು. ಪೆಟ್ರೋಲಿಗೆ ಸೋಪು ಕರಗಲ್ಲ. ಅಪ್ಪ ಅದಕ್ಕಾಗಿಯೇ ಒಂದು ತುಂಡು ಡ್ಯಾಶ್ ಬೋರ್ಡಿನಲ್ಲಿ ಇಟ್ಟಿದ್ದರು. ಒಮ್ಮೆ ಅತ್ತೆ ಆ ಸೋಪಿನಲ್ಲಿ ಹೊಳೆಯಲ್ಲಿ ಕೈ ತೊಳೆದು ಅಲ್ಲೇ ಬಿಟ್ಟು ಬಂದರು. ಅವತ್ತಿನ ಜಗಳ ಊರಿಗೆಲ್ಲ ಗೊತ್ತು.

ಬೇಲೂರು ಬೈಪಾಸ್
ರೇಡಿಯೇಟರ್ ಸೋರಿಕೆಗೆ ಅರಿಶಿನ ಪುಡಿ. ಅಮ್ಮನ ಪ್ರಯಾಣದ ಚೀಲದಲ್ಲಿ ಕುಂಕುಮ ಇಲ್ಲದಿದ್ದರೂ ಅರಿಶಿನ ಇರುತ್ತಿತ್ತು.

ಸ್ಪ್ಯಾನರ್ ಹದಿನಾಲ್ಕು
ಹೌದು, ನಿಲ್ಲುತ್ತೆ. ಸೋರಿಕೆ ಜೊತೆಗೆ ಒಳಗಿನ ಸಣ್ಣ ಕೊಳವೆಗಳೂ ನಿಲ್ಲುತ್ತವೆ. ಆಮೇಲೆ ನಮ್ಮ ಹತ್ತಿರ ಬಂದು "ಯಾಕೋ ಜಾಸ್ತಿ ಹೀಟ್ ಆಗ್ತಿದೆ" ಅಂತೀರಿ.

ಬೇಲೂರು ಬೈಪಾಸ್
ಸಾರ್, ನೀವು ಯಾರದ್ದಾದರೂ ಒಂದು ಮಾತಿಗೆ ಸರಿ ಅಂದಿದ್ದೀರಾ ಇಲ್ಲಿಯವರೆಗೆ?

ಸ್ಪ್ಯಾನರ್ ಹದಿನಾಲ್ಕು
ಸೋಪಿನದು ಸರಿ.

ಕೊಟ್ಟಿಗೆಹಾರ ಸ್ಟಾಪ್
ಚಾರ್ಮಾಡಿ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರು ದೋಸೆ ತಿನ್ನೋದು ಗೊತ್ತಲ್ಲ. ನನ್ನ ಥಿಯರಿ ಏನಂದ್ರೆ, ಆ ದೋಸೆ ಅಷ್ಟು ಫೇಮಸ್ ಆಗಿದ್ದೇ ರೇಡಿಯೇಟರ್‌ಗಳಿಂದ. ಬಾನೆಟ್ ಎತ್ತಿ ಅರ್ಧ ಗಂಟೆ ಆರೋಕೆ ಬಿಡಬೇಕು, ಜನ ಏನು ಮಾಡಬೇಕು? ತಿನ್ನಬೇಕು.

ಬೇಲೂರು ಬೈಪಾಸ್
ರುಚಿಯಾಗಿದೆ, ಅದಕ್ಕೆ ತಿಂತಾರೆ. ಈಗಿನ ಕಾರುಗಳು ಎಲ್ಲಿ ಕುದಿಯುತ್ತವೆ? ಆದರೂ ಅಲ್ಲಿ ಜಾಗ ಸಿಗಲ್ಲ.

ಕೊಟ್ಟಿಗೆಹಾರ ಸ್ಟಾಪ್
ಅಭ್ಯಾಸ ಉಳಿದುಕೊಂಡಿದೆ. ಅಂದ ಹಾಗೆ ಆಗುಂಬೆಯಲ್ಲಿ 14 ತಿರುವು. @ಎರಡನೇ ಗೇರ್ ಎಷ್ಟನೇ ತಿರುವಿನಲ್ಲಿ ಕಲ್ಲು ಹಿಡಿದು ಇಳಿಯುತ್ತಿದ್ದರು ಅನ್ನೋದು ನನಗೆ ಮುಖ್ಯ.

ಎರಡನೇ ಗೇರ್
ಏಳನೆಯದು ದಾಟಿದರೆ ಅಪ್ಪ ಮೀಸೆ ಮುಟ್ಟಿಕೊಳ್ಳೋರು. ಪೂರ್ತಿ ಹತ್ತಿದರೆ ಮೇಲೆ ಸೂರ್ಯಾಸ್ತದ ಕಟ್ಟೆ ಹತ್ತಿರ ನಿಲ್ಲಿಸಿ ಎಲ್ಲರಿಗೂ ಸೋಡ. ನಮಗೆ ಸೂರ್ಯ ಯಾರಿಗೆ ಬೇಕಿತ್ತು?

ಬೆಲ್ಟ್ ಹಾಕಿ
ಇಡೀ ಥ್ರೆಡ್ ಓದಿದೆ. ಕ್ಷಮಿಸಿ, ನನಗೆ ನಗು ಬರುತ್ತಿಲ್ಲ. ಹ್ಯಾಂಡ್ ಬ್ರೇಕ್ ಇಲ್ಲದ ಕಾರು ಘಾಟಿಯಲ್ಲಿ, ಅದರ ಹಿಂದೆ ಕಲ್ಲು ಹಿಡಿದು ಒಂದು ಮಗು. ಬಲ ತಿರುವಿನಲ್ಲಿ ತೆಗೆದುಕೊಳ್ಳೋ ಬಾಗಿಲು, ಅದನ್ನು ಹಿಡಿಯೋಕೆ ಇನ್ನೊಂದು ಮಗು. ಟ್ಯಾಂಕ್ ಮೇಲೆ ಮೂರನೆಯದು. ನಾವು ಬದುಕಿ ಉಳಿದಿದ್ದೇವೆ, ಅದಕ್ಕೇ ಇದು ಸಿಹಿ ನೆನಪು. ಉಳಿಯದವರು ಇಲ್ಲಿ ಬಂದು ಬರೆಯಲ್ಲ.

ಅಂಬಾಸಿಡರ್ ಅಳಿಯ
ಆಗ ರಸ್ತೆಯಲ್ಲಿ ಗಾಡಿಗಳೇ ಇರಲಿಲ್ಲ ಸ್ವಾಮಿ. ನಲವತ್ತು ದಾಟಿದರೆ ನಮ್ಮ ಕಾರು ನಡುಗುತ್ತಿತ್ತು.

ಬೆಲ್ಟ್ ಹಾಕಿ
ನಲವತ್ತರಲ್ಲಿ ಡ್ಯಾಶ್ ಬೋರ್ಡಿಗೆ ತಲೆ ಬಡಿದರೂ ಸಾಕು. 1994ಕ್ಕಿಂತ ಮುಂಚೆ ಕಾರಿಗೆ ಸೀಟ್ ಬೆಲ್ಟ್ ಕಡ್ಡಾಯವೇ ಇರಲಿಲ್ಲ. ನಿಮ್ಮ ಅಪ್ಪಂದಿರ ತಪ್ಪು ಅಂತ ಹೇಳುತ್ತಿಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ "ಆ ಕಾಲವೇ ಚೆನ್ನಾಗಿತ್ತು" ಅಂತ ಮಾತ್ರ ಬರೆಯಬೇಡಿ.

ನೀರಿನ ಕ್ಯಾನು
ಯಾರೂ ಹಾಗೆ ಬರೆದಿಲ್ಲವಲ್ಲ? ಕಾರು ಕೆಟ್ಟದಾಗಿತ್ತು ಅಂತಲೇ ಎಲ್ಲರೂ ಹೇಳ್ತಿರೋದು. ಆದರೂ ನಿಮ್ಮ ಮಾತಿಗೆ ನನ್ನದೊಂದು ವೋಟು.

ಮಸ್ಕತ್ ಮಂಗಳೂರಿಗ
ಇಲ್ಲಿ ಬೇಸಿಗೆಯಲ್ಲಿ 45 ದಾಟುತ್ತೆ. ಕಾರು ಒಂದು ದಿನವೂ ನಿಂತಿಲ್ಲ. ಮಕ್ಕಳು ಹಿಂದೆ ಫೋನ್ ನೋಡುತ್ತಾ ಕೂತಿರುತ್ತಾರೆ, ಊರು ಬಂತಾ ಅಂತಲೂ ಕೇಳಲ್ಲ. ನಮ್ಮ ಕಾಲದಲ್ಲಿ ಶಿರಾಡಿಯಲ್ಲಿ ಏರ್ ಲಾಕ್ ಆದರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕೋದು ನನ್ನ ಡ್ಯೂಟಿ. ಬಟ್ಟೆ ಅಂದರೆ ನನ್ನದೇ ಬನಿಯನ್. ಗುಂಡ್ಯದಿಂದ ಸಕಲೇಶಪುರದವರೆಗೆ ಬರೀ ಶರ್ಟಿನಲ್ಲಿ.

ರಿಸರ್ವ್
ಆ ಒದ್ದೆ ಬಟ್ಟೆ ಬರೀ ನಂಬಿಕೆ. ಹತ್ತು ನಿಮಿಷ ಸುಮ್ನೆ ಬಿಟ್ಟರೂ ಸ್ಟಾರ್ಟ್ ಆಗುತ್ತೆ.

ಸ್ಪ್ಯಾನರ್ ಹದಿನಾಲ್ಕು
ನಂಬಿಕೆ ಅಲ್ಲ. ಆ ಪಂಪು ಇಂಜಿನ್ ಮೈಗೇ ಕೂತಿರುತ್ತೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದುಕೊಳ್ಳಬೇಕು. ಬಿಸಿಗೆ ಪೈಪಿನೊಳಗೆ ಪೆಟ್ರೋಲ್ ಆವಿಯಾದರೆ ಪಂಪು ಆವಿಯನ್ನು ಎಳೆಯಲಾರದು. ಒದ್ದೆ ಬಟ್ಟೆ ಹಾಕಿದರೆ ತಣ್ಣಗಾಗಿ ಆವಿ ಮತ್ತೆ ಪೆಟ್ರೋಲ್ ಆಗುತ್ತೆ. ಈಗಿನ ಕಾರಿನಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಒತ್ತಡದಿಂದ ತಳ್ಳುತ್ತೆ, ಅದಕ್ಕೇ ಮಸ್ಕತ್ತಿನಲ್ಲೂ ಬನಿಯನ್ ಬಿಚ್ಚಬೇಕಾಗಿಲ್ಲ.

ಇನ್ನೊಂದು. ಕುದಿಯೋ ರೇಡಿಯೇಟರ್ ಮುಚ್ಚಳ ತಕ್ಷಣ ತೆಗೆಯಬಾರದು, ಮುಖಕ್ಕೆ ಹಬೆ ಎರಚುತ್ತೆ. ಹೊಳೆಯ ತಣ್ಣೀರನ್ನು ಬಿಸಿ ಇಂಜಿನ್‌ಗೆ ಒಮ್ಮೆಲೇ ಸುರಿಯಲೂಬಾರದು, ಹೆಡ್ ಬಿರುಕು ಬಿಡುತ್ತೆ.

ಗಂಗಾವತಿ ಗೌಡ್ರು
ನಮ್ಮ ಕಡೆ ಘಾಟಿ ಇಲ್ಲ, ಆದರೂ ಕುದೀತಿತ್ತು. ಬಿಸಿಲಿಗೆ.

ಯಾದವಗಿರಿ
ನಿಮ್ಮ ಮನೆ ಗಾಡಿ ಕೊನೆಗೆ ಏನಾಯಿತು? ದೊಡ್ಡಪ್ಪನ ಯೆಜ್ಡಿ ಈಗ ನನ್ನ ಹತ್ತಿರ ಇದೆ. ಕಾರ್ಖಾನೆ ಮುಚ್ಚಿದ ಮೇಲೆ ಬೆಲೆ ಬೀಳುತ್ತೆ ಅಂತ ಎಲ್ಲರೂ ಮಾರಿದರು. ಈಗ ಹುಡುಕಿಕೊಂಡು ಬಂದು ಕೇಳುತ್ತಾರೆ. ಕೊಡಲ್ಲ.

ಎರಡನೇ ಗೇರ್
90ರ ದಶಕದ ಕೊನೆಯಲ್ಲಿ ಅಪ್ಪ ಮಾರುತಿ 800 ತಗೊಂಡರು, ಅದೂ ಸೆಕೆಂಡ್ ಹ್ಯಾಂಡ್. ಅದು ನಿಲ್ಲಲೇ ಇಲ್ಲ. ಮೊದಲ ಸಲ ಆಗುಂಬೆ ಹತ್ತಿದಾಗ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ, ತಂಗಿಗೆ ವಾಂತಿ ಬಂತು. ಪದ್ಮಿನಿಯನ್ನು ಶಿವಮೊಗ್ಗದ ಒಬ್ಬರು ಕೊಂಡುಕೊಂಡರು. ಅಪ್ಪ ಕಲ್ಲನ್ನೂ ಜೊತೆಗೇ ಕೊಟ್ಟರು. ಅವರು ತಮಾಷೆ ಅಂದುಕೊಂಡು ಗೇಟಿನ ಹತ್ತಿರ ಇಳಿಸಿ ಹೋದರು.

ಶಿರಸಿ ಸಂಪಿಗೆ
ಪಾಪ, ಅವರಿಗೆ ಗೊತ್ತಾಗಿರಬೇಕು ಮೊದಲ ಘಾಟಿಯಲ್ಲೇ!

ಅಂಬಾಸಿಡರ್ ಅಳಿಯ
ತಾತನ ಅಂಬಾಸಿಡರ್ ಇನ್ನೂ ಗೋಡೌನ್‌ನಲ್ಲಿ ಇದೆ, ಟೈರಿಲ್ಲದೆ ಇಟ್ಟಿಗೆ ಮೇಲೆ. ರಿಪೇರಿ ಮಾಡಿಸೋಣ ಅಂತ ಆಸೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 600 ಇದ್ದದ್ದು 2022ರ ಏಪ್ರಿಲ್‌ನಲ್ಲೇ 5,000 ಆಗಿತ್ತಂತೆ. ಜೊತೆಗೆ ಫಿಟ್‌ನೆಸ್. ಮನೆಯಲ್ಲಿ ಬೈತಾರೆ.

ಹಳೇ ಕಡತ
ಗಾಡಿ ಯಾವ ಇಸವಿಯದು? ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ಜಾಸ್ತಿ ಬದಲಾವಣೆ ಮಾಡಿರದಿದ್ದರೆ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. 2021ರಲ್ಲಿ ನಿಯಮ ಬಂತು. ಶುಲ್ಕ 20,000, ಹತ್ತು ವರ್ಷಕ್ಕೆ. ಆದರೆ ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ.

ಅಂಬಾಸಿಡರ್ ಅಳಿಯ
1971ರದ್ದು. ನಂಬರ್ ಪ್ಲೇಟ್ ಎಂವೈ ಅಂತ ಶುರುವಾಗುತ್ತೆ, ಮೈಸೂರು ರಾಜ್ಯದ ಕಾಲದ್ದು. ದಿನಾ ಓಡಿಸೋದು ಯಾರು? ಆಗಲೂ ದಿನಾ ಓಡುತ್ತಿರಲಿಲ್ಲ.

ಹುಬ್ಬಳ್ಳಿ ಮಿರ್ಚಿ
ಹಂಗಾದ್ರ ನಿಯಮಕ್ಕ ಬರೋಬ್ಬರಿ ಹೊಂದತೈತಿ ಬಿಡ್ರಿ.

ಅಂಬಾಸಿಡರ್ ಅಳಿಯ
ಸ್ಪ್ಯಾನರ್ ಸಾರ್, ಬಾಗಿಲಿನ ಲಾಕು, ಬೀಡಿಂಗ್ ರಬ್ಬರ್, ಮುಂದಿನಿಂದ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡೋ ಹ್ಯಾಂಡಲ್, ಇವೆಲ್ಲ ಈಗ ಸಿಗುತ್ತಾ? ಹ್ಯಾಂಡಲ್ ಯಾರೋ ಗುಜರಿಗೆ ಹಾಕಿಬಿಟ್ಟಿದ್ದಾರೆ.

ಸ್ಪ್ಯಾನರ್ ಹದಿನಾಲ್ಕು
ಬೆಂಗಳೂರು ಜೆ.ಸಿ. ರೋಡಿನಲ್ಲಿ ಕೇಳಿ ನೋಡಿ. ಹೊಸದು ಸಿಗದಿದ್ದರೆ ಗುಜರಿಯಲ್ಲಿ ಹುಡುಕಬೇಕು. ಅಂಗಡಿಯವರಿಗೆ ಇಸವಿ ಹೇಳಿದರೆ ಸಾಲದು, ಹಳೇ ಲಾಕು ಬಿಚ್ಚಿಕೊಂಡೇ ಹೋಗಿ.

ಹ್ಯಾಂಡಲ್ ಸಿಕ್ಕರೆ ಹಿಡಿಯುವಾಗ ಹೆಬ್ಬೆರಳನ್ನು ಬೇರೆ ಬೆರಳುಗಳ ಕಡೆಯೇ ಇಟ್ಟುಕೊಳ್ಳಿ, ಸುತ್ತಿ ಹಿಡಿಯಬೇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಮೇಲಿಂದ ಕೆಳಕ್ಕೆ ಮೈಭಾರ ಹಾಕಿ ಒತ್ತಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತೆ. ಮೊದಲು ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಕಾರು ನಿಮ್ಮ ಮೇಲೇ ಬರುತ್ತೆ.

ನೀರಿನ ಕ್ಯಾನು
ತಿರುಗಿಸೋದು ಯಾರು ಅಂತ ಈಗಲೇ ತೀರ್ಮಾನ ಆಗಲಿ. ಹೆಂಡತಿ ಅಂತ ಹೇಳಿದರೆ ನಾನು ಈ ಥ್ರೆಡ್ ಬಿಟ್ಟು ಹೋಗುತ್ತೇನೆ.

ಅಂಬಾಸಿಡರ್ ಅಳಿಯ
ನಾನೇ ತಿರುಗಿಸುತ್ತೇನೆ. ಅವಳು ಒಳಗೆ. ಅವಳಿಗೆ ಡ್ರೈವಿಂಗ್ ನನಗಿಂತ ಚೆನ್ನಾಗಿ ಬರುತ್ತೆ, ಅವಳೇ ಹಾಗಂತ ಹೇಳಿದ್ದಾಳೆ.

ಬೆಲ್ಟ್ ಹಾಕಿ
ಮೊದಲು ಆ ಎಡಗಡೆ ಬಾಗಿಲು ರಿಪೇರಿ ಮಾಡಿಸಿ.